ಸಹಾಯ ಬೇಕು: ಪತ್ತಿನ ಸಹಕಾರಿ ಸಂಘದ ಠೇವಣಿಯನ್ನು ಬ್ರಿಟನ್ ವೀಸಾಕ್ಕೆ ತೋರಿಸಬಹುದೇ?

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಜಿಲ್ಲೆಯ ಬ್ಯಾಡಗಿಯವಳು. ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿದ್ದು, ಬ್ರಿಟನ್ನಿನ ವಿಶ್ವವಿದ್ಯಾಲಯವೊಂದರಲ್ಲಿ ಕರಾವಳಿ ಪರಿಸರ ವಿಜ್ಞಾನ ಮತ್ತು ನೀತಿಯ ಒಂದು ವರ್ಷದ ಸ್ನಾತಕೋತ್ತರ ಪದವಿಗೆ ಪ್ರವೇಶ ದೊರೆತಿದೆ.

ಸಮುದ್ರವೇ ಇಲ್ಲದ ಜಿಲ್ಲೆಯವಳಿಗೆ ಈ ವಿಷಯವೇಕೆ ಎಂದು ಮನೆಯವರೂ ಕೇಳಿದ್ದರು. ಕಾಲೇಜಿನ ಅಧ್ಯಯನ ಪ್ರವಾಸದಲ್ಲಿ ಹೊನ್ನಾವರದ ಶರಾವತಿ ಅಳಿವೆಗೆ ಹೋದಾಗ, ಇಳಿತದ ಹೊತ್ತಿನಲ್ಲಿ ಕೆಸರಿನಿಂದ ಬೆರಳುಗಳಂತೆ ಮೇಲೆದ್ದಿದ್ದ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಉಸಿರುಬೇರುಗಳನ್ನು ಮುಟ್ಟಿ ನೋಡಿದ್ದೆ. ಆಮೇಲೆ, 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯು ಜನದಟ್ಟಣೆ ಹೆಚ್ಚಿರುವ ಗ್ರಾಮೀಣ ಕರಾವಳಿಯಲ್ಲಿ ಅಭಿವೃದ್ಧಿ ನಿಷೇಧಿತ ವಲಯವನ್ನು ಭರತರೇಖೆಯಿಂದ (ಭರತದ ನೀರು ತಲುಪುವ ಗಡಿಯಿಂದ) 200 ಮೀಟರಿನ ಬದಲು 50 ಮೀಟರಿಗೆ ಇಳಿಸಿದೆ ಎಂದು ಓದಿದಾಗ, ವಿಜ್ಞಾನದ ಜೊತೆಗೆ ನೀತಿಯನ್ನೂ ಕಲಿಯಲೇಬೇಕೆಂದು ನಿರ್ಧರಿಸಿದೆ.

ತೊಡಕು ಇರುವುದು ಹಣದ ದಾಖಲೆಯಲ್ಲಿ. ವೀಸಾಕ್ಕೆ ಬೇಕಾದ ಮೊತ್ತವು ಸತತ 28 ದಿನ ಖಾತೆಯಲ್ಲಿರಬೇಕು. ಆದರೆ ಅಪ್ಪ ಮೆಣಸಿನಕಾಯಿ ಮಾರಿ ಉಳಿಸಿದ ಹಣವೆಲ್ಲ ಊರಿನ ಪತ್ತಿನ ಸಹಕಾರಿ ಸಂಘದ ಠೇವಣಿಯಲ್ಲಿದ್ದು, ಅದಕ್ಕಿರುವ ದಾಖಲೆ ಕೈಬರಹದ ಪಾಸ್‌ಬುಕ್ ಮಾತ್ರ. ಸಂಘದ ಕಾರ್ಯದರ್ಶಿಯವರು ಮೊಹರು ಹಾಕಿದ ಪತ್ರ ಕೊಟ್ಟಿದ್ದಾರೆ. ಹುಬ್ಬಳ್ಳಿಯಲ್ಲಿ ಇಬ್ಬರು ಸಲಹೆಗಾರರನ್ನು ವಿಚಾರಿಸಿದೆ. ಒಬ್ಬರು ಆ ಪತ್ರ ಸಾಕೆಂದರು, ಇನ್ನೊಬ್ಬರು ಅದು ನಡೆಯುವುದಿಲ್ಲವೆಂದರು. ಅವಧಿಗೆ ಮುನ್ನ ಠೇವಣಿ ಮುರಿಸಿದರೆ ಅಪ್ಪನಿಗೆ ಬಡ್ಡಿ ನಷ್ಟವಾಗುತ್ತದೆ, ಅದನ್ನು ಸುಮ್ಮನೆ ಮಾಡಿಸಲು ಮನಸ್ಸು ಒಪ್ಪುತ್ತಿಲ್ಲ.

ಸಹಕಾರಿ ಸಂಘದ ಇಂತಹ ಠೇವಣಿ ತೋರಿಸಿ ನಿಮ್ಮಲ್ಲಿ ಯಾರಿಗಾದರೂ ಬ್ರಿಟನ್ ವೀಸಾ ದೊರೆತಿದೆಯೇ? ಇಲ್ಲವಾದರೆ, ಹಣವನ್ನು ರಾಷ್ಟ್ರೀಕೃತ ಬ್ಯಾಂಕಿಗೆ ವರ್ಗಾಯಿಸಿದ ದಿನದಿಂದಲೇ 28 ದಿನಗಳನ್ನು ಹೊಸದಾಗಿ ಎಣಿಸಬೇಕೇ?