ಸ್ಕ್ರೀನ್‌ಶಾಟ್‌ನ್ಯಾಗಿನ ಅಕ್ಷರ ಪ್ರಿಂಟ್‌ನ್ಯಾಗ ಓದಾಕ ಬರವಲ್ವು, ಏನ್ ಮಾಡೂದ್ರಿ?

ಪ್ರಶ್ನೆ (ಗದಗ): ನಮಸ್ಕಾರ್ರಿ ಸರ್. ಪತ್ತಿನ ಸಹಕಾರಿ ಸಂಘದಾಗ ಕಂಪ್ಯೂಟರ್ ಆಪರೇಟರ್ ಅದೀನಿ. ಹೊಸ ಸಾಫ್ಟ್‌ವೇರ್ ಬಂದೈತಿ ಅಂತ ಶಾಖೆಯವರಿಗೆ ವರ್ಡ್‌ನ್ಯಾಗ 40 ಪುಟದ ಕೈಪಿಡಿ ಮಾಡೇನಿ. ಮಾನಿಟರ್ ಮ್ಯಾಲೆ ಚಂದ ಕಾಣ್ತೈತಿ, ಪ್ರಿಂಟ್ ತಗದ್ರ ಅಕ್ಷರ ಇರುವಿ ಸಾಲ್ ಇದ್ದಂಗ. ವಯಸ್ಸಾದ ಕ್ಯಾಷಿಯರ್ ಒಬ್ರು ಭೂತಗನ್ನಡಿ ಹಿಡದು ಓದಿದ್ರು, ನೋಡಿ ಭಾಳ ಕೆಟ್ಟ ಅನಿಸ್ತು. ಇನ್ನೂ ದೊಡ್ಡ ರೆಸಲ್ಯೂಶನ್ ಮಾನಿಟರ್ ತರಬೇಕೇನ್ರಿ?

ಉತ್ತರ (ಹುಬ್ಬಳ್ಳಿ, ಸಾಫ್ಟ್‌ವೇರ್ ಕೈಪಿಡಿ ಬರಿಯೂದು ನನ್ನ ಕೆಲಸ): ತರಬ್ಯಾಡ್ರಿ ಅಕ್ಕಾರ, ಅಕ್ಷರ ಇನ್ನೂ ಸಣ್ಣ ಆಗ್ತಾವ. ಎ4 ಹಾಳಿಯೊಳಗ ಮಾರ್ಜಿನ್ ಬಿಟ್ರ ಸುಮಾರು 16 ಸೆಂ.ಮೀ. ಅಗಲ ಉಳಿತೈತಿ. 1920 ಪಿಕ್ಸೆಲ್ ಅಗಲದ ಪೂರ್ತಿ ಪರದೆ ಅದರಾಗ ತುರುಕಿದ್ರ, 16 ಪಿಕ್ಸೆಲ್ ಅಕ್ಷರ 1.3 ಮಿ.ಮೀ.ಗೆ ಇಳಿತೈತಿ. ಅದ ವಿಂಡೋ 900 ಪಿಕ್ಸೆಲ್‌ಗೆ ಕುಗ್ಗಿಸಿ ತಗೀರಿ, 2.8 ಮಿ.ಮೀ. ಬರ್ತೈತಿ. ಚಿತ್ರ ಹಾಳಾಗಿಲ್ಲ, ಬ್ಯಾಡಾದ್ದೆಲ್ಲಾ ಒಳಗ ಬಂದೈತಿ ಅಷ್ಟ. ಕ್ಯಾಷಿಯರ್‌ಗೆ ಬೇಕಾದ್ದು ಠೇವಣಿ ತುಂಬೂ ನಾಕು ಖಾನೆ. ಕೆಳಗಿನ ಟಾಸ್ಕ್‌ಬಾರು, ಎಡಗಡೆ ಮೆನು ಅವರಿಗ್ಯಾಕ? ವಿಂಡೋಸ್, ಶಿಫ್ಟ್, ಎಸ್ ಕೂಡಿಸಿ ಒತ್ತಿ ಬೇಕಾದಷ್ಟ ಭಾಗ ಎಳೀರಿ. ಬ್ರೌಸರ್‌ನ್ಯಾಗಿನ ಸಾಫ್ಟ್‌ವೇರ್ ಇದ್ರ ಮೊದ್ಲು ಕಂಟ್ರೋಲ್ ಪ್ಲಸ್ ಒತ್ತಿ ಅಕ್ಷರ ದೊಡ್ಡು ಮಾಡ್ಕೋರಿ.

ಪ್ರಶ್ನೆ: ತಿಳೀತ್ರಿ. ಶಾಖೆಯವರು ವಾಟ್ಸಾಪ್‌ನ್ಯಾಗ ಕಳಿಸಿದ್ವು ಮಾತ್ರ ಮಸಕ್ ಮಸಕ್ ಅದಾವಲ್ರಿ?

ಉತ್ತರ: ಅವು ಜೆಪೆಗ್ ಅನ್ನೂ ನಮೂನಿ ಚಿತ್ರದ ಫೈಲ್ ಆಗಿ ಬರ್ತಾವ. ಜೆಪೆಗ್ ಚಿತ್ರಾನ್ನ 8×8 ಪಿಕ್ಸೆಲ್‌ನ ಚೌಕ ಮಾಡಿ ಒತ್ತತೈತಿ. ಮಾರಿ, ಹೊಲ, ಮಾಡ ಇದ್ರ ಗೊತ್ತಾಗೂದಿಲ್ಲ. ಬಿಳಿ ಮ್ಯಾಲಿನ ಕರೀ ಅಕ್ಷರದ ಸುತ್ತ ಧೂಳ್ ಹಾರಿದಂಗ ಆಗ್ತೈತಿ. ಪಿಎನ್‌ಜಿ ಅನ್ನೂ ಇನ್ನೊಂದು ನಮೂನಿ ಫೈಲ್ ಒಂದು ಪಿಕ್ಸೆಲ್ಲೂ ಕಳಕೊಳ್ಳೂದಿಲ್ಲ. ಪಿಎನ್‌ಜಿ ಮಾಡಿ, ಫೋಟೋ ಅಂತಲ್ಲ, ಡಾಕ್ಯುಮೆಂಟ್ ಅಂತ ಕಳಸಾಕ ಹೇಳ್ರಿ. ವರ್ಡೂ ಸೇವ್ ಮಾಡುವಾಗ ಚಿತ್ರ ಕುಗ್ಗಸ್ತೈತಿ; ಆಪ್ಷನ್ಸ್, ಅಡ್ವಾನ್ಸ್ಡ್ ಒಳಗ ಹೋಗಿ ಕಂಪ್ರೆಸ್ ಮಾಡಬ್ಯಾಡ ಅನ್ನೂದಕ್ಕ ಟಿಕ್ ಹಾಕ್ರಿ.

ಹಾವೇರಿಯಿಂದ ಒಬ್ರು: ಕರೀ ಥೀಮ್‌ನ್ಯಾಗ ತಗೀಬ್ಯಾಡ್ರಿ. ಝೆರಾಕ್ಸ್ ಮಾಡಿಸಿದ್ರ ಪುಟಾನ ಕರ್ರಗಾಗತೈತಿ.

ಪ್ರಶ್ನೆ: ಸದಸ್ಯರ ಖಾತೆ ನಂಬರ್ ಕಾಣಬಾರ್ದು ಅಂತ ವರ್ಡ್‌ನ್ಯಾಗ ಕ್ರಾಪ್ ಮಾಡೇನ್ರಿ, ಸಾಕಲ್ಲ?

ಉತ್ತರ: ಸಾಲೂದಿಲ್ರಿ! ಕ್ರಾಪ್ ಮಾಡಿದ ಭಾಗ ಫೈಲ್‌ನ್ಯಾಗ ಹಂಗ ಕುಂತಿರ್ತೈತಿ, ಯಾರಾದ್ರೂ ಎಳದು ನೋಡಬಹುದು. ಕಂಪ್ರೆಸ್ ಪಿಕ್ಚರ್ಸ್ ಒಳಗ ಕ್ರಾಪ್ ಭಾಗ ಅಳಿಸೂ ಆಯ್ಕೆ ಐತಿ. ಆದ್ರ ಸುಳ್ಳ ಹೆಸರಿನ ಪರೀಕ್ಷಾ ಖಾತೆ ಒಂದ್ ತಗದು, ಆ ಚಿತ್ರಾನೆಲ್ಲಾ ಹೊಸದಾಗಿ ತಗಿಯೂದ ಛಲೋ. ಈಗ ಹಂಚಿದ ಫೈಲ್ ಇವತ್ತ ವಾಪಸ್ ತರಿಸ್ಕೋರಿ.