ಮಾಮೂಲಿ ಸ್ವಿಫ್ಟ್‌ಗೆ 95 ಆಕ್ಟೇನ್ ಪೆಟ್ರೋಲ್: ಲಾಭ ಉಂಟಾ, ದುಡ್ಡು ದಂಡವಾ?

ನೀರ್ಚಾಲು_ಸ್ವಿಫ್ಟ್

ನನ್ನ ಹತ್ತಿರ 2013ರ ಪೆಟ್ರೋಲ್ ಸ್ವಿಫ್ಟ್ ಇದೆ. ಸೆಕೆಂಡ್ ಹ್ಯಾಂಡ್, ಮಂಗಳೂರಿಂದ ತಂದು ಕೆಎಲ್ 14 (ಕಾಸರಗೋಡು ನಂಬರ್) ಮಾಡಿಸಿದ್ದು. ದೊಡ್ಡ ಮಾಡಿಫಿಕೇಶನ್ ಏನೂ ಮಾಡಿಲ್ಲ. ಕಂಪನಿ ಏರ್ ಫಿಲ್ಟರ್ ಡಬ್ಬಿ ತೆಗೆದು ಕೋನ್ ಫಿಲ್ಟರ್ ಕೂರಿಸಿದ್ದೇನೆ, ನಾಲ್ಕು ತಿಂಗಳ ಹಿಂದೆ ಹೊಗೆ ಸಲೀಸಾಗಿ ಹೋಗುವ ಫ್ರೀ ಫ್ಲೋ ಎಕ್ಸಾಸ್ಟ್ ಹಾಕಿಸಿದ್ದೇನೆ, ಅಷ್ಟೇ. ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸುವುದು) ಮಾಡಿಸಿಲ್ಲ.

ಸಮಸ್ಯೆ ಎಂತ ಅಂದ್ರೆ, ಧರ್ಮತ್ತಡ್ಕ ಕಡೆಯಿಂದ ಪೊಸಡಿ ಗುಂಪೆ ಗುಡ್ಡಕ್ಕೆ ಹತ್ತುವಾಗ, ನಾಲ್ಕು ಜನ ಕೂತಿದ್ದರೆ, ಮೂರನೇ ಗೇರಿನಲ್ಲಿ ಎಲ್ಲಿಂದಲೋ ಸಣ್ಣಗೆ ಕಟಕಟ ಶಬ್ದ ಬರುತ್ತದೆ. ದೋಸ್ತಿ ಒಬ್ಬ ಹೇಳಿದ, ಇದು ನಾಕಿಂಗ್, ಕಾರು ಮಾಡಿಫೈ ಮಾಡಿದ ಮೇಲೆ ಮಾಮೂಲಿ ಪೆಟ್ರೋಲ್ ಸಾಕಾಗುವುದಿಲ್ಲ, 95 ಹಾಕು ಅಂತ. ಇನ್ನೊಬ್ಬ 100 ಆಕ್ಟೇನ್ ಹಾಕಿದ್ರೆ ಬೈಕಿನ ಹಾಗೆ ಹಾರುತ್ತದೆ ಅನ್ನುತ್ತಾನೆ (ಅವನ ಹತ್ತಿರ ಕಾರೇ ಇಲ್ಲ, ಅದು ಬೇರೆ ವಿಷಯ). ಅಮೆರಿಕದವರು ಬರೆದದ್ದು ಓದಿದ್ರೆ ಅಲ್ಲಿ 91 ಅಂದ್ರೆನೇ ಪ್ರೀಮಿಯಂ ಅಂತೆ, ತಲೆ ಕೆಟ್ಟು ಹೋಯಿತು. ನಾನು ಹಾಕಿಸುವ ಪಂಪಿನಲ್ಲಿ 95ಕ್ಕೆ ಲೀಟರಿಗೆ ಏಳು ರೂಪಾಯಿ ಜಾಸ್ತಿ. ಒಂದು ಟ್ಯಾಂಕ್ ಹಾಕಿ ನೋಡಿದೆ, ಶಬ್ದ ಸ್ವಲ್ಪ ಕಡಿಮೆ ಆಯಿತು ಅಂತ ಅನಿಸಿತು. ಪಿಕಪ್ ಕೂಡ ಚೂರು ಜಾಸ್ತಿ ಆದ ಹಾಗೆ. ನಿಜವಾಗಿ ಲಾಭ ಉಂಟಾ?

ಸ್ಪ್ಯಾನರ್_14

ಮೊದಲು ಆ ಅಮೆರಿಕದ ಗೊಂದಲ ಮುಗಿಸೋಣ. ಅವರು ಅಳೆಯುವ ಲೆಕ್ಕ ಬೇರೆ, ನಮ್ಮದು ಬೇರೆ. ನಮ್ಮಲ್ಲಿ ಹೇಳುವುದು ಆರ್‌ಓಎನ್ (ರಿಸರ್ಚ್ ಆಕ್ಟೇನ್ ನಂಬರ್), ಒಂದೇ ಪರೀಕ್ಷೆಯದ್ದು. ಅವರು ಎರಡು ಬಗೆಯ ಪರೀಕ್ಷೆಯ ಸರಾಸರಿ ಬರೆಯುತ್ತಾರೆ. ಅಲ್ಲಿಯ 87 ಅಂದ್ರೆ ಹೆಚ್ಚುಕಮ್ಮಿ ನಮ್ಮ 91. ಅಲ್ಲಿಯ 91 ನಮ್ಮ 95ರ ಹತ್ತಿರ ಬರುತ್ತದೆ. ಹಾಗಾಗಿ ಅಲ್ಲಿ ಓದಿದ ನಂಬರನ್ನು ಇಲ್ಲಿಯ ಪಂಪಿಗೆ ತರಬೇಡಿ.

ಎರಡನೆಯದು, ಆಕ್ಟೇನ್ ಅಂದ್ರೆ ಶಕ್ತಿ ಅಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಜನ ನಂಬುವುದಿಲ್ಲ. ಪಿಸ್ಟನ್ ಮೇಲೆ ಬಂದು ಗಾಳಿ ಮತ್ತು ಪೆಟ್ರೋಲ್ ಒತ್ತಿದಾಗ ಬಿಸಿಯಾಗುತ್ತದೆ. ಪ್ಲಗ್ ಕಿಡಿ ಕೊಟ್ಟ ಮೇಲೆ ಬೆಂಕಿ ಒಂದು ಕಡೆಯಿಂದ ಶಿಸ್ತಾಗಿ ಹರಡಬೇಕು. ಅದು ತಲುಪುವ ಮೊದಲೇ ಮೂಲೆಯಲ್ಲಿ ಉಳಿದದ್ದು ತಾನಾಗಿ ಸ್ಫೋಟವಾದರೆ ಅದೇ ನಾಕಿಂಗ್. ಹಾಗೆ ಆಗದಂತೆ ತಡೆದುಕೊಳ್ಳುವ ಗುಣವೇ ಆಕ್ಟೇನ್. ತಡೆದುಕೊಳ್ಳಬೇಕಾದ ಒತ್ತಡವೇ ನಿಮ್ಮ ಎಂಜಿನಿನಲ್ಲಿ ಇಲ್ಲದಿದ್ದರೆ ಜಾಸ್ತಿ ಆಕ್ಟೇನ್ ಸುಮ್ನೆ ಉರಿದು ಹೋಗುತ್ತದೆ.

ಈಗ ನಿಮ್ಮ ಮಾಡಿಫಿಕೇಶನ್. ಫಿಲ್ಟರ್, ಎಕ್ಸಾಸ್ಟ್ ಬದಲಿಸಿದ್ರೆ ಕಂಪ್ರೆಶನ್ ರೇಶಿಯೊ (ಪಿಸ್ಟನ್ ಎಷ್ಟು ಪಟ್ಟು ಒತ್ತುತ್ತದೆ ಅನ್ನುವ ಲೆಕ್ಕ) ಬದಲಾಗುವುದಿಲ್ಲ, ಟೈಮಿಂಗ್ ಮ್ಯಾಪ್ (ಕಿಡಿ ಯಾವಾಗ ಕೊಡಬೇಕು ಅನ್ನುವ ಸೆಟ್ಟಿಂಗ್) ಕೂಡ ಕಂಪನಿ ಕೊಟ್ಟದ್ದೇ ಇದೆ. ಅಂದ ಮೇಲೆ 95 ಬೇಕು ಅನ್ನಲಿಕ್ಕೆ ಕಾರಣವೇ ಇಲ್ಲ. ಆದರೆ ಕೋನ್ ಫಿಲ್ಟರ್ ಬಗ್ಗೆ ಒಂದು ಮಾತು. ಅದನ್ನು ಬಾನೆಟ್ ಒಳಗೆ ಬಿಚ್ಚಿಟ್ಟ ಹಾಗೆ ಕೂರಿಸಿದ್ದೀರಿ ಅಲ್ವಾ? ಕಂಪನಿ ಡಬ್ಬಿ ಮುಂದಿನಿಂದ ತಂಪು ಗಾಳಿ ಎಳೆಯುತ್ತಿತ್ತು, ಇದು ಎಂಜಿನಿನ ಬಿಸಿ ಗಾಳಿಯನ್ನೇ ಎಳೆಯುತ್ತದೆ. ಬಿಸಿ ಗಾಳಿಗೆ ಪವರ್ ಕಡಿಮೆ, ನಾಕಿಂಗ್ ಜಾಸ್ತಿ. ದುಡ್ಡು ಕೊಟ್ಟು ಸಮಸ್ಯೆ ತಂದ ಹಾಗೆ! ಫ್ರೀ ಫ್ಲೋ ಹಾಕಿದ ಸಣ್ಣ ಎಂಜಿನಿನಲ್ಲಿ ಕೆಳಗಿನ ಆರ್‌ಪಿಎಂ ಎಳೆತ ಕೂಡ ಎಷ್ಟೋ ಸಲ ಕಡಿಮೆಯಾಗುತ್ತದೆ, ಅಂಥದ್ದರಲ್ಲಿ ನಾಲ್ಕು ಜನರನ್ನು ಕೂರಿಸಿ ಗುಂಪೆಗೆ ಮೂರನೇ ಗೇರಿನಲ್ಲಿ ಹತ್ತಿಸುವುದು ಪಾಪ ಆ ಕಾರಿಗೆ ಶಿಕ್ಷೆ. ಎರಡನೇ ಗೇರ್ ಹಾಕಿ.

ಇನ್ನೊಂದು ಪ್ರಶ್ನೆ. ಕಾರು ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ, ಮೆಲ್ಲ ಆಕ್ಸಿಲರೇಟರ್ ಒತ್ತಿದ್ರೆ ಆ ಶಬ್ದ ಬರುತ್ತದಾ? ನಿಜವಾದ ನಾಕಿಂಗ್ ಲೋಡ್ ಬಿದ್ದಾಗ ಮಾತ್ರ ಬರುವುದು. ಅದನ್ನು ನೋಡಿ ಹೇಳಿ.

ಶಾರ್ಜಾ_ಪೆರ್ಲ

ಇಲ್ಲಿ ಶಾರ್ಜಾದ ಪಂಪಿನಲ್ಲಿ ಮೂರು ಬಗೆ ಇರುತ್ತದೆ: ಇ ಪ್ಲಸ್ 91, ಸ್ಪೆಷಲ್ 95, ಸೂಪರ್ 98. ಊರಿಂದ ಹೊಸದಾಗಿ ಬಂದವರೆಲ್ಲ ಮೊದಲ ಆರು ತಿಂಗಳು ಸಣ್ಣ ಕಾರಿಗೆ ಸೂಪರ್ ಹಾಕಿಸುತ್ತಾರೆ, ಆಮೇಲೆ ಸಂಬಳದ ಲೆಕ್ಕ ಹಾಕಿ ಸುಮ್ಮನಾಗುತ್ತಾರೆ. ನಾನೂ ಹಾಗೇ ಮಾಡಿದ್ದೆ. ಪೆಟ್ರೋಲ್ ಮುಚ್ಚಳದ ಒಳಗೆ ಎಷ್ಟು ಆಕ್ಟೇನ್ ಬೇಕು ಅಂತ ಬರೆದಿರುತ್ತದೆ, ಇಲ್ಲದಿದ್ದರೆ ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಇರುತ್ತದೆ. ಅದಕ್ಕಿಂತ ಮೇಲೆ ಹಾಕಿದ್ರೆ ಪಂಪಿನವನಿಗೆ ಖುಷಿ.

ಮುಳ್ಳೇರಿಯ_ಲೈನ್

ಇದನ್ನು ನಾನು 2022ರಲ್ಲಿ ಸರಿಯಾಗಿ ಕೂತು ಲೆಕ್ಕ ಹಾಕಿದ್ದೆ, ಆಗ ಮಾಮೂಲಿ ಪೆಟ್ರೋಲ್ 91 ಇತ್ತು. ನನ್ನದೂ 1.2 ಎಂಜಿನ್, ಫಿಲ್ಟರ್ ಮಾತ್ರ ಬದಲಿಸಿದ್ದು. ವಾರಕ್ಕೆ ಮೂರು ಸಲ ಮುಳ್ಳೇರಿಯದಿಂದ ಆದೂರು, ಜಾಲ್ಸೂರು ಮೇಲೆ ಸುಳ್ಯಕ್ಕೆ ಹೋಗಿ ಬರುವುದು, ಅದೇ ರಸ್ತೆ, ಅದೇ ಹೊತ್ತು. ಒಂದೇ ಪಂಪ್, ಪ್ರತಿ ಸಲ ಕಟ್ ಆಗುವವರೆಗೆ ತುಂಬಿಸಿ, ಮೂರು ಟ್ಯಾಂಕ್ ಮಾಮೂಲಿ, ಮೂರು ಟ್ಯಾಂಕ್ 95. ಲೀಟರಿಗೆ ಮಾಮೂಲಿಯಲ್ಲಿ ಸರಾಸರಿ 16.2 ಕಿಲೋಮೀಟರ್, 95ರಲ್ಲಿ 16.4 ಬಂತು. ಮೊದಲ 95 ಟ್ಯಾಂಕಿಗೆ ಮಾತ್ರ 17 ದಾಟಿತ್ತು. ಯಾಕೆ ಗೊತ್ತಾ? ದುಬಾರಿ ಪೆಟ್ರೋಲ್ ಒಳಗೆ ಉಂಟು ಅಂತ ನಾನೇ ಮೆಲ್ಲ ಕಾಲಿಟ್ಟಿದ್ದೆ. ಎರಡನೇ ಟ್ಯಾಂಕಿಗೆ ಆ ಭಕ್ತಿ ಹೋಯಿತು, ಮೈಲೇಜ್ ಕೂಡ ಹೋಯಿತು. ನಿಮಗೆ ಪಿಕಪ್ ಜಾಸ್ತಿ ಅನಿಸಿದ್ದೂ ಇದೇ ಕಥೆ ಇರಬಹುದು.

ತಿಂಗಳಿಗೆ 60 ಲೀಟರ್ ಹಾಕುವವನಿಗೆ ಏಳು ರೂಪಾಯಿ ಲೆಕ್ಕದಲ್ಲಿ ವರ್ಷಕ್ಕೆ 5,040 ರೂಪಾಯಿ. ನಾವು ನಾಲ್ಕು ರೂಪಾಯಿ ಉಳಿಸಲಿಕ್ಕೆ ತಲಪಾಡಿ ದಾಟಿಯೋ ಅಡ್ಯನಡ್ಕಕ್ಕೆ ಹೋಗಿಯೋ ಕರ್ನಾಟಕದಲ್ಲಿ ಟ್ಯಾಂಕ್ ತುಂಬಿಸಿ ಬರುವ ಜನ ಮಾರಾಯ್ರೆ! ಕೇರಳದಲ್ಲಿ 2023ರ ಏಪ್ರಿಲ್‌ನಿಂದ ಎರಡು ರೂಪಾಯಿ ಸೆಸ್ ಬೇರೆ ಸೇರಿತು. 2024ರ ಜೂನ್‌ನಲ್ಲಿ ಕರ್ನಾಟಕದಲ್ಲೂ ಮೂರು ರೂಪಾಯಿ ಏರಿತು, ಇಲ್ಲದಿದ್ದರೆ ಇನ್ನೂ ಜಾಸ್ತಿ ಉಳಿಯುತ್ತಿತ್ತು. ಗಡಿಯಲ್ಲಿ ಉಳಿಸಿದ್ದನ್ನು 95ಕ್ಕೆ ಸುರಿದ್ರೆ ಎಂತ ಲಾಭ?

ಉಪ್ಪಳ_ಟರ್ಬೊ

ಎಲ್ಲರೂ ಸೇರಿ 95 ದಂಡ ಅಂತ ತೀರ್ಪು ಕೊಡಬೇಡಿ. ನನ್ನದು 1.0 ಟರ್ಬೊ, ಮೇಲಿಂದ ರೀಮ್ಯಾಪ್ ಮಾಡಿಸಿದ್ದೇನೆ. ಟರ್ಬೊ ಒಳಗೆ ಗಾಳಿಯನ್ನು ಒತ್ತಿ ತುಂಬುತ್ತದೆ, ರೀಮ್ಯಾಪ್‌ನಲ್ಲಿ ಟೈಮಿಂಗ್ ಮುಂದೆ ತಂದಿರುತ್ತಾರೆ. ಅಂಥ ಎಂಜಿನಿಗೆ ಕಡಿಮೆ ಆಕ್ಟೇನ್ ಕೊಟ್ಟರೆ ನಾಕ್ ಸೆನ್ಸರ್ ನಾಕಿಂಗ್ ಹಿಡಿದು ಇಸಿಯು (ಎಂಜಿನ್ ಕಂಪ್ಯೂಟರ್) ಟೈಮಿಂಗ್ ಹಿಂದೆ ಎಳೆಯುತ್ತದೆ, ಆಗ ಪವರ್ ಬೀಳುವುದು ಸೀಟಿನಲ್ಲಿ ಕೂತವನಿಗೇ ಗೊತ್ತಾಗುತ್ತದೆ. ನನ್ನ ಟ್ಯೂನರ್ 95ಕ್ಕೇ ಮ್ಯಾಪ್ ಮಾಡಿಕೊಟ್ಟದ್ದು, ಹಾಗಾಗಿ ನಾನು ಬೇರೆ ಹಾಕುವುದಿಲ್ಲ. 100 ಮಾತ್ರ ಒಮ್ಮೆ ಹಾಕಿ ನೋಡಿದೆ, ಲೀಟರಿಗೆ ನೂರೈವತ್ತರ ಮೇಲೆ. 95ಕ್ಕಿಂತ ಏನೂ ಜಾಸ್ತಿ ಸಿಗಲಿಲ್ಲ. ಮ್ಯಾಪ್ ಅದಕ್ಕೆ ಇಲ್ಲದಿದ್ದರೆ ಸಿಗುವುದು ಹೇಗೆ?

ಸ್ಪ್ಯಾನರ್_14

ಟರ್ಬೊ ಅಣ್ಣ ಹೇಳಿದ್ದು ಸರಿ. ಅದು ಅವರ ಕಾರಿಗೆ. ಇವರ ಸ್ವಿಫ್ಟ್‌ಗೆ ಟರ್ಬೊ ಇಲ್ಲ, ಮ್ಯಾಪ್ ಕೂಡ ಮುಟ್ಟಿಲ್ಲ.

ಈಗ ಇನ್ನೊಂದು ವಿಷಯ ಉಂಟು, ಇದು ಯಾರೂ ಹೇಳಲಿಲ್ಲ. ಮುಳ್ಳೇರಿಯದವರು ಲೆಕ್ಕ ಹಾಕಿದಾಗ ಮಾಮೂಲಿ 91 ಇತ್ತು. ಈಗ ಬರುವ ಇ20ಯಲ್ಲಿ 20 ಶೇಕಡಾ ಎಥನಾಲ್, ಎಥನಾಲ್‌ನ ಆಕ್ಟೇನ್ 100ರ ಮೇಲೆ, ಹಾಗಾಗಿ ಮಾಮೂಲಿ ಪೆಟ್ರೋಲೇ ಈಗ 95 ಆರ್‌ಓಎನ್. ಏಳು ರೂಪಾಯಿ ಕೊಟ್ಟು ತರುವ 95ರಲ್ಲಿ ಜಾಸ್ತಿ ಸಿಗುವುದು ಎಂಜಿನ್ ಚೊಕ್ಕ ಇಡುವ ಔಷಧಿ ಅಷ್ಟೇ. ಅದೂ ಕೆಟ್ಟದ್ದಲ್ಲ. ಆದರೆ ಆಕ್ಟೇನ್ ಹೆಸರಿನಲ್ಲಿ ಕೊಡಬೇಡಿ. ಮೈಲೇಜ್ ಕಡಿಮೆ ಆಗಿದ್ದರೆ ಅದಕ್ಕೂ ಎಥನಾಲೇ ಕಾರಣ ಇರಬಹುದು, ಲೀಟರಿಗೆ ಲೀಟರ್ ನೋಡಿದ್ರೆ ಅದರಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಶಕ್ತಿ ಕಡಿಮೆ.

ಮತ್ತೆ ನಿಮ್ಮದು 2013ರ ಕಾರು, ಇ20ಗೆ ಅಂತ ಮಾಡಿದ್ದಲ್ಲ. ಪೆಟ್ರೋಲ್ ಪೈಪಿನ ರಬ್ಬರ್ ಒಮ್ಮೆ ನೋಡಿಸಿ. ಮಳೆಗಾಲದಲ್ಲಿ ಅರ್ಧ ಟ್ಯಾಂಕ್ ಇಟ್ಟು ತಿಂಗಳುಗಟ್ಟಲೆ ನಿಲ್ಲಿಸಬೇಡಿ, ಎಥನಾಲ್ ಗಾಳಿಯ ನೀರು ಎಳೆಯುತ್ತದೆ. ಈ ಮಾತು ಗಲ್ಫಿನಲ್ಲಿದ್ದು ಊರಲ್ಲಿ ಕಾರು ಮುಚ್ಚಿಟ್ಟವರಿಗೂ.

ನ್ಯೂಟ್ರಲ್ ಪರೀಕ್ಷೆ ಮಾಡಿದಿರಾ?

ಶಾರ್ಜಾ_ಪೆರ್ಲ

ಮುಚ್ಚಿಟ್ಟವರಿಗೆ ಅಂದದ್ದು ನನಗೇ ಅಂತ ಗೊತ್ತಾಯಿತು. ತಮ್ಮನಿಗೆ ಫೋನ್ ಮಾಡಿದೆ, ನಾಳೆ ಒಂದು ಸುತ್ತು ಓಡಿಸುತ್ತಾನಂತೆ.

ನೀರ್ಚಾಲು_ಸ್ವಿಫ್ಟ್

ಮಾಡಿದೆ. ನಗಬೇಡಿ.

ಅಂಗಳದಲ್ಲಿ ನ್ಯೂಟ್ರಲ್‌ನಲ್ಲಿ ನಿಲ್ಲಿಸಿ 2,000 ಆರ್‌ಪಿಎಂ ಹತ್ತಿರ ತಂದ್ರೆ ಅದೇ ಕಟಕಟ. ಟಾರ್ಚ್ ಹಿಡಿದು ಕೆಳಗೆ ನುಗ್ಗಿ ನೋಡಿದ್ರೆ ಎಕ್ಸಾಸ್ಟ್ ಪೈಪಿನ ಮೇಲಿನ ಬಿಸಿ ತಡೆಯುವ ತಗಡು ಒಂದು ಬದಿ ಸಡಿಲ. ಎರಡು ಬೋಲ್ಟ್ ಇರಬೇಕಾದಲ್ಲಿ ಒಂದೇ. ಫ್ರೀ ಫ್ಲೋ ಕೂರಿಸಿದ ಗ್ಯಾರೇಜಿನವರು ಇನ್ನೊಂದನ್ನು ಹಾಕಲೇ ಇಲ್ಲ. ನಾಲ್ಕು ತಿಂಗಳು ಅದು ಎಂಜಿನ್ ಶಬ್ದ ಅಂತ ನಾನು ತಲೆಬಿಸಿ ಮಾಡಿದ್ದು, 95ರಲ್ಲಿ ಶಬ್ದ ಕಡಿಮೆ ಆಯಿತು ಅಂತ ಬರೆದದ್ದೂ ನಾನೇ! ಹತ್ತು ರೂಪಾಯಿಯ ಬೋಲ್ಟು, ವಾಷರ್ ಹಾಕಿ ಬಿಗಿ ಮಾಡಿದೆ. ನಿನ್ನೆ ಸಂಜೆ ಗುಂಪೆಗೆ ಎರಡನೇ ಗೇರಿನಲ್ಲಿ, ಮಾಮೂಲಿ ಪೆಟ್ರೋಲಿನಲ್ಲಿ ಹೋಗಿ ಬಂದೆ, ಎಂತ ಶಬ್ದವೂ ಇಲ್ಲ.

ಪ್ಲಗ್ ಕೂಡ ತೆಗೆದು ನೋಡಿದೆ, ಸವೆದಿತ್ತು, ನಾಲ್ಕೂ ಹೊಸದು ಹಾಕುತ್ತೇನೆ. ಕೋನ್ ಫಿಲ್ಟರ್ ತೆಗೆದು ಕಂಪನಿ ಡಬ್ಬಿಯನ್ನೇ ಮತ್ತೆ ಕೂರಿಸುವ ಅಂತ ಉಂಟು. ಅಟ್ಟ ಹತ್ತಿ ಹುಡುಕಿದೆ, ಡಬ್ಬಿ ಸಿಕ್ಕಿತು. ಅಮ್ಮ ಅದರೊಳಗೆ ಮುಂದಿನ ಮಳೆಗಾಲಕ್ಕೆ ಬೆಂಡೆ ಬೀಜ, ಹೀರೆ ಬೀಜ ಕಟ್ಟಿಟ್ಟಿದ್ದಾರೆ. ಬೇರೆ ಡಬ್ಬ ತಂದುಕೊಡದೆ ಮುಟ್ಟಬಾರದಂತೆ.