ಚರ್ಚಿನ ಬೇಸಿಗೆ ಶಿಬಿರ ಶುರುವಾದದ್ದು 1801ರಲ್ಲೋ, 1880ರಲ್ಲೋ?

ಹಳೇಕಡತ: ಅಮೆರಿಕದ ಚರ್ಚುಗಳು ಮಕ್ಕಳಿಗೆ ನಡೆಸುವ ಬೇಸಿಗೆ ಶಿಬಿರಗಳ ಮೂಲ ಯಾವುದು? ಕೆಂಟಕಿಯ ಕೇನ್ ರಿಜ್‌ನಲ್ಲಿ 1801ರಲ್ಲಿ ನಡೆದ ‘ಕ್ಯಾಂಪ್ ಮೀಟಿಂಗ್’ ಎಂದು ಕೆಲವರು, 1880 ಎಂದು ಇನ್ನು ಕೆಲವರು. ಎಂಬತ್ತು ವರ್ಷದ ಅಂತರ ಸಣ್ಣದಲ್ಲ. ನಮ್ಮಲ್ಲಿ ಏಪ್ರಿಲ್–ಮೇ ರಜೆಯಲ್ಲಿ ನಡೆಯುವ ವಿಬಿಎಸ್ (ವೆಕೇಶನ್ ಬೈಬಲ್ ಸ್ಕೂಲ್, ಮಕ್ಕಳ ರಜಾ ಬೈಬಲ್ ಶಾಲೆ) ಕೂಡ ಇದರದೇ ಕವಲೋ?

ಗುಡಾರ: ಎರಡೂ ಬೇರೆ ಬೇರೆ ಸಂಗತಿ. ಕ್ಯಾಂಪ್ ಮೀಟಿಂಗ್ ಮಕ್ಕಳ ಶಿಬಿರವೇ ಅಲ್ಲ, ಬಯಲಲ್ಲಿ ಹಲವು ದಿನ ನಡೆಯುವ ಧರ್ಮಸಭೆ. ಜಾತ್ರೆಗೆ ಗಾಡಿ ಕಟ್ಟಿಕೊಂಡು ಹೋಗಿ ಅಲ್ಲೇ ಬಿಡಾರ ಹೂಡುತ್ತಾರಲ್ಲ, ಹಾಗೆ. ಒಂಟಿ ಮನೆಗಳ ರೈತ ಕುಟುಂಬಗಳು ಕಳೆ ತೆಗೆಯುವ ಕೆಲಸ ಮುಗಿದು ಕೊಯ್ಲು ಇನ್ನೂ ಬಾರದ ಆಗಸ್ಟ್ ಹೊತ್ತಿಗೆ ಬಂದು ಸೇರುತ್ತಿದ್ದವು. ನೆರಳು, ಒರತೆ ನೀರು, ಕುದುರೆಗೆ ಮೇವು ಮೂರೂ ಇರುವ ಜಾಗವೇ ಆಗಬೇಕಿತ್ತು. ನಡುವೆ ಬೋಧಕರಿಗೆ ಹಲಗೆಯ ಅಟ್ಟಣೆ, ಅದರ ಮುಂದೆ ಸೀಳಿದ ದಿಮ್ಮಿಗಳ ಸಾಲು, ಗಂಡಸರು ಒಂದು ಮಗ್ಗುಲು, ಹೆಂಗಸರು ಇನ್ನೊಂದು. ಕರಿಯರಿಗೆ ಅಟ್ಟಣೆಯ ಹಿಂದೆ ಜಾಗ. ರಾತ್ರಿ ಬೆಳಕಿಗೆ ಆಳೆತ್ತರದ ಕಂಬಗಳ ಮೇಲೆ ಹಲಗೆ ಹಾಸಿ, ಅದರ ಮೇಲೆ ದಪ್ಪಗೆ ಮಣ್ಣು ಹರಡಿ, ಪೈನ್ ಮರದ ರಾಳದ ಗಂಟುಗಳನ್ನು ಉರಿಸುತ್ತಿದ್ದರು. ಮಣ್ಣು ತೆಳುವಾದರೆ ಹಲಗೆಯೇ ಹೊತ್ತಿಕೊಳ್ಳುತ್ತಿತ್ತು.

ಕೇನ್ ರಿಜ್‌ಗೆ ಹತ್ತರಿಂದ ಇಪ್ಪತ್ತು ಸಾವಿರ ಜನ ಬಂದಿದ್ದರೆಂಬ ಅಂದಾಜಿದೆ. ಆರೇಳು ದಿನಕ್ಕೆ ಸಭೆ ಮುಗಿದದ್ದು ಭಕ್ತಿ ತಗ್ಗಿದ್ದರಿಂದಲ್ಲ, ದವಸ ತೀರಿದ್ದರಿಂದ. ಮುಂದಿನ ವರ್ಷಗಳ ದೊಡ್ಡ ತಲೆನೋವು ಅಂಚಿನಲ್ಲಿ ಬಂದು ನಿಲ್ಲುತ್ತಿದ್ದ ವಿಸ್ಕಿ ಗಾಡಿಗಳು. ಸಭೆಯ ಸುತ್ತ ಇಷ್ಟು ಮೈಲಿಯೊಳಗೆ ಮದ್ಯ ಮಾರಕೂಡದೆಂದು ಹಲವು ರಾಜ್ಯಗಳು ಕಾನೂನನ್ನೇ ಮಾಡಿದವು.

ಕೊನೆಗೆ ಗುಡಾರಗಳು ಮನೆಗಳಾದವು. ಮ್ಯಾಸಚೂಸೆಟ್ಸ್‌ನ ಮಾರ್ಥಾಸ್ ವಿನ್ಯಾರ್ಡ್ ದ್ವೀಪದಲ್ಲಿ ಮೆಥೊಡಿಸ್ಟ್ ಎಂಬ ಪ್ರಾಟೆಸ್ಟಂಟ್ ಪಂಗಡದವರು 1835ರಲ್ಲಿ ಒಂಬತ್ತು ಗುಡಾರ ಹಾಕಿ ಶುರುಮಾಡಿದ ಜಾಗ ಈಗ ಮುನ್ನೂರರಷ್ಟು ಪುಟ್ಟ ಮರದ ಮನೆಗಳ ಕೇರಿ. ಮನೆಗಳು ಅಷ್ಟು ಇಕ್ಕಟ್ಟಾಗಿರುವುದಕ್ಕೆ ಕಾರಣ, ಪ್ರತಿ ನಿವೇಶನವೂ ಒಂದು ಗುಡಾರದ ಅಳತೆಯದು.

ಕೆರೆದಂಡೆ: ಮಕ್ಕಳ ಶಿಬಿರ ಹುಟ್ಟಿದ್ದು ಹಳ್ಳಿಯಿಂದಲ್ಲ, ನಗರದ ಭಯದಿಂದ. ಬಿಸಿಲು, ಇಕ್ಕಟ್ಟಿನ ವಠಾರ, ಬೀದಿ ಸುತ್ತುವ ರಜೆ. 1877ರಲ್ಲಿ ಪೆನ್ಸಿಲ್ವೇನಿಯಾದ ಪಾದ್ರಿ ವಿಲಾರ್ಡ್ ಪಾರ್ಸನ್ಸ್ ನ್ಯೂಯಾರ್ಕಿನ ಬಡ ಮಕ್ಕಳನ್ನು ತಮ್ಮ ಚರ್ಚಿನವರ ಮನೆಗಳಲ್ಲಿ ಉಳಿಸಿದರು, ಅದಿನ್ನೂ ಶಿಬಿರವಲ್ಲ. 1880ರಲ್ಲಿ ಜಾರ್ಜ್ ಹಿಂಕ್ಲಿ ಎಂಬ ಪಾದ್ರಿ ಏಳು ಹುಡುಗರನ್ನು ರೋಡ್ ಐಲೆಂಡ್‌ನ ಗಾರ್ಡನರ್ಸ್ ದ್ವೀಪಕ್ಕೆ ಕರೆದೊಯ್ದರು. ಮೊದಲ ಚರ್ಚ್ ಶಿಬಿರ ಎಂದು ದಾಖಲೆಗಳು ಹೇಳುವುದು ಇದನ್ನೇ. ಬೆಳಿಗ್ಗೆ ಧರ್ಮಪಾಠ, ಮಧ್ಯಾಹ್ನ ಈಜು, ಬೇಸ್‌ಬಾಲ್, ಸಂಜೆ ಹಾಡು, ಮಾತು. ಇವತ್ತಿನ ವೇಳಾಪಟ್ಟಿಯೂ ಹೆಚ್ಚುಕಡಿಮೆ ಅದೇ. 1885ರಲ್ಲಿ ಸಮ್ನರ್ ಡಡ್ಲಿ ಕೂಡ ಏಳೇ ಹುಡುಗರೊಂದಿಗೆ ಆರಂಭಿಸಿದ ವೈಎಂಸಿಎ (ಕ್ರೈಸ್ತ ಯುವಕರ ಸಂಘ) ಶಿಬಿರ ಇಂದಿಗೂ ನಡೆಯುತ್ತಿದೆ.

ಆದರೆ ಎರಡಕ್ಕೂ ನಂಟೇ ಇಲ್ಲವೆನ್ನಲಾಗದು. ಕ್ಯಾಂಪ್ ಮೀಟಿಂಗ್‌ನಲ್ಲಿ ಪಶ್ಚಾತ್ತಾಪ ಪಡುವವರು ಎದ್ದು ಬಂದು ಕೂರುವ ಮುಂದಿನ ಬೆಂಚೊಂದಿತ್ತು. ಸುವಾರ್ತಾ ಶಿಬಿರಗಳ ಕೊನೆಯ ರಾತ್ರಿ ಮಕ್ಕಳು ಒಬ್ಬೊಬ್ಬರಾಗಿ ತಮ್ಮ ನಂಬಿಕೆಯ ಸಾಕ್ಷಿ ಹೇಳಿ ಬೆಂಕಿಗೆ ಕಡ್ಡಿ ಹಾಕುವುದು ಅದರ ಮರಿ ಎಂದೇ ನನ್ನ ಎಣಿಕೆ. ಇದರಲ್ಲೊಂದು ಹಳೆಯ ತೊಡಕಿದೆ: ನಿದ್ದೆಗೆಟ್ಟ, ಮನೆಯ ನೆನಪಾದ ಮಗು ಆ ಕತ್ತಲಲ್ಲಿ ಏನನ್ನಾದರೂ ಒಪ್ಪಿಬಿಡುತ್ತದೆ, ಮುಂದಿನ ವರ್ಷ ಮತ್ತೆ ಅದನ್ನೇ ಒಪ್ಪುತ್ತದೆ.

ಸಂಡೇಸ್ಕೂಲು: ವಿಬಿಎಸ್ ದಾಯಾದಿ, ಕವಲಲ್ಲ. ನ್ಯೂಯಾರ್ಕಿನ ಈಸ್ಟ್ ಸೈಡ್‌ನಲ್ಲಿ 1898ರಲ್ಲಿ ಎಲೈಜಾ ಹಾಸ್ ಬೀದಿ ಮಕ್ಕಳಿಗೆ ಇಂಥ ಬೈಬಲ್ ಶಾಲೆ ನಡೆಸಲು ಬಾಡಿಗೆಗೆ ಹಿಡಿದದ್ದು ಒಂದು ಬಿಯರ್ ಅಂಗಡಿಯನ್ನು! 1901ರಿಂದ ಅದನ್ನು ಊರೂರಿಗೆ ಹಬ್ಬಿಸಿದವರು ಬ್ಯಾಪ್ಟಿಸ್ಟ್ ಸಂಘದ ರಾಬರ್ಟ್ ಬೋವಿಲ್. ಮಗು ಊಟಕ್ಕೆ ಮನೆಗೆ ಹೋಗುತ್ತದೆ. ಹಾಸಿಗೆ, ಅಡುಗೆ, ಕೆರೆ ಕಾಯುವ ಈಜುಗಾರ ಯಾವುದೂ ಬೇಡ. ಅದಕ್ಕೇ ಜಮೀನಿಲ್ಲದ ಸಣ್ಣ ಚರ್ಚುಗಳೂ ನಡೆಸಬಲ್ಲವು. ಅವರದು ಜೂನ್–ಜುಲೈ, ನಮ್ಮದು ಶಾಲೆಯ ರಜೆಗೆ ತಕ್ಕಂತೆ ಏಪ್ರಿಲ್–ಮೇ, ಅಷ್ಟೇ.

ಗುಡಾರ: ಒಂದು ಸೇರಿಸಬೇಕು. ಬಿಳಿಯರ ಚರ್ಚ್ ಮೈದಾನಗಳ ಬಾಗಿಲು ಮುಚ್ಚಿದ್ದರಿಂದ ಕರಿಯ ಮೆಥೊಡಿಸ್ಟ್ ಬಿಷಪ್ ರಾಬರ್ಟ್ ಜೋನ್ಸ್ 1923ರಲ್ಲಿ ಮಿಸಿಸಿಪ್ಪಿಯ ವೇವ್‌ಲ್ಯಾಂಡ್‌ನಲ್ಲಿ ಗಲ್ಫ್‌ಸೈಡ್ ಎಂಬ ಶಿಬಿರ ಮೈದಾನ ಕಟ್ಟಿದರು. ಅದರ ಕಟ್ಟಡಗಳನ್ನು 2005ರ ಕತ್ರೀನಾ ಚಂಡಮಾರುತ ಕೆಡವಿತು.

ಹಳೇಕಡತ: ಈಗ ಅನೇಕ ಚರ್ಚುಗಳು ಶಿಬಿರದ ಜಮೀನು ಮಾರುತ್ತಿರುವುದೇಕೆ?

ಕೆರೆದಂಡೆ: ಲೆಕ್ಕ ಕೂಡುವುದಿಲ್ಲ. ದುಡಿಮೆ ಎಂಟು–ಹತ್ತು ವಾರ, ಖರ್ಚು ಹನ್ನೆರಡು ತಿಂಗಳು. ಎರಡನೇ ಮಹಾಯುದ್ಧದ ನಂತರ ಅಗ್ಗಕ್ಕೆ ಕೊಂಡ ಜಾಗದ ಕ್ಯಾಬಿನ್ನು, ಶೌಚಗುಂಡಿ, ನೀರಿನ ಕೊಳವೆ ಎಲ್ಲವೂ ಒಟ್ಟಿಗೇ ಹಳತಾದವು. ಮೇಲೆ ವಿಮೆಯ ಕಂತು. ಹಲವೆಡೆ ಶಾಲೆ ಆಗಸ್ಟ್ ಮೊದಲ ಭಾಗದಲ್ಲೇ ತೆರೆಯುವುದರಿಂದ ಇರುವ ವಾರಗಳಲ್ಲೂ ಒಂದೆರಡು ಕಡಿತ. ಅಗ್ಗದ ಜಾಗ ಈಗ ಕೆರೆಯಂಚಿನ ಚಿನ್ನದ ನಿವೇಶನ, ಕೊಳ್ಳುವವರು ಕಾದೇ ಇರುತ್ತಾರೆ.